ಮೊದಲ ಇಪ್ಪತ್ತು ನಿಮಿಷ

ಹಳೇ ಎಂಜಿನ್ನಿನ ವಿಷಯದಲ್ಲಿ ರಾಜಶೇಖರನ ಎದುರು ಬಾಯಿ ಬಿಡುವ ಧೈರ್ಯ ಡೆಟ್ರಾಯಿಟ್ ಸುತ್ತಲಿನ ಕನ್ನಡದವರಲ್ಲಿ ಯಾರಿಗೂ ಇರಲಿಲ್ಲ. ಬಾಯಿ ಬಿಟ್ಟರೆ ಪಾಠ ಶುರುವಾಗುತ್ತಿತ್ತು. ಫಾರ್ಮಿಂಗ್ಟನ್ ಹಿಲ್ಸ್‌ನ ಅವನ ಮನೆಗೆ ಊಟಕ್ಕೆ ಹೋದವರು ಮೊದಲು ಗ್ಯಾರೇಜಿಗೆ ಹೋಗಬೇಕು, ಅಲ್ಲಿ ಬಿಚ್ಚಿಟ್ಟ ಕಬ್ಬಿಣವನ್ನು ನೋಡಿ ಆಹಾ ಅನ್ನಬೇಕು, ಆಮೇಲೆಯೇ ಹೆಂಡತಿ ಭಾನುವಿನ ಬಿಸಿಬೇಳೆಭಾತ್. ಗದಗಿನವನು, ಹಗಲು ಹೊತ್ತು ಬ್ರೇಕು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು, ವಾರದ ಕೊನೆಗೆ ಗ್ಯಾರೇಜಿನ ಜಗದ್ಗುರು. ವಾಟ್ಸಾಪ್ ಗುಂಪಿನಲ್ಲಿ ಅವನು ಹಾಕಿದ್ದ ಒಂದು ಉಪದೇಶವಂತೂ ಕಾರು ಮುಟ್ಟದವರಿಗೂ ಬಾಯಿಪಾಠವಾಗಿತ್ತು. "ಹೊಸದಾಗಿ ಕಟ್ಟಿದ ಹಳೇ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಬಾರದು. ದೇವರು ಬಂದು ಎದುರಿಗೆ ನಿಂತರೂ ತೆಗೆಯಬಾರದು."

ದೇವರು ಬರಲಿಲ್ಲ. ಅವ್ವ ಬಂದಳು.

ಕಾರಣ ತಿಳಿಯದವರಿಗೆ ಎರಡು ಮಾತು. ಎಂಜಿನ್ನಿನ ಹೊಟ್ಟೆಯೊಳಗೆ ಕ್ಯಾಮ್‌ಶಾಫ್ಟ್ ಎಂಬ ಉದ್ದನೆಯ ಲೋಹದ ಕೋಲು ತಿರುಗುತ್ತಿರುತ್ತದೆ. ಅದರ ಮೈಮೇಲಿನ ಉಬ್ಬುಗಳು ವಾಲ್ವುಗಳನ್ನು ಎತ್ತಿ ಇಳಿಸುತ್ತವೆ. ಹಳೇ ಕಾಲದ ಗಾಡಿಗಳಲ್ಲಿ ಈ ಉಬ್ಬುಗಳು ಹೊಸದಿರುವಾಗ ಎದುರಿನ ಲೋಹದೊಂದಿಗೆ ಉಜ್ಜಿಕೊಂಡು ಹೊಂದಿಕೊಳ್ಳಬೇಕು. ಆ ಹೊತ್ತಿನಲ್ಲಿ ಎಂಜಿನ್ ಜೋರಾಗಿ ಓಡುತ್ತಿದ್ದರೆ ಎಣ್ಣೆ ಸಿಡಿದು ಉಬ್ಬುಗಳ ಮೇಲೆ ಬೀಳುತ್ತದೆ. ನಿಧಾನಕ್ಕೆ ಬಿಟ್ಟರೆ ಸಾಕಷ್ಟು ಬೀಳುವುದಿಲ್ಲ. ಒಣ ಲೋಹಕ್ಕೆ ಒಣ ಲೋಹ ಉಜ್ಜಿ ಉಬ್ಬು ಸವೆಯುತ್ತದೆ, ಸವೆದ ಪುಡಿ ಎಂಜಿನ್ನಿನ ಮೂಲೆಮೂಲೆಗೂ ಹರಿಯುತ್ತದೆ, ಆಮೇಲೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಬೇಕು. ಇಷ್ಟೇ ವಿಷಯ. ಇದನ್ನು ರಾಜಶೇಖರ್ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಗಾಡಿ ಅವನದಲ್ಲ, ಸಂಗಮೇಶನದು. ಇಬ್ಬರೂ ಹುಬ್ಬಳ್ಳಿಯಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ರಾಚೆಸ್ಟರ್ ಹಿಲ್ಸ್‌ನಲ್ಲಿ ಮನೆ ಮಾಡಿದ ಸಂಗಮೇಶ, ಫ್ಲಿಂಟ್ ಆಚೆಯ ಯಾವುದೋ ಕೊಟ್ಟಿಗೆಯಲ್ಲಿ ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದ ೧೯೬೯ರ ಪಾಂಟಿಯಾಕ್ ಜಿಟಿಒ ಒಂದನ್ನು ಕಂಡು ಮರುಳಾಗಿ, ಟ್ರೇಲರಿನಲ್ಲಿ ಹೇರಿಕೊಂಡು ನೇರ ರಾಜಶೇಖರನ ಗ್ಯಾರೇಜಿಗೆ ತಂದಿದ್ದ. ಹಸಿರು ಗಾಡಿ. ಚಳಿಗಾಲ ಬಂದಾಗಲೆಲ್ಲ ಅದನ್ನು ಬಿಚ್ಚುವುದು, ಜಗಳವಾಡುವುದು ಇಬ್ಬರ ಕೆಲಸ. ಎಲ್ಲವೂ ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕೆಂದು ರಾಜಶೇಖರನ ಹಟ. ಮುಂದಿನ ಚಕ್ರಗಳಿಗಾದರೂ ಡಿಸ್ಕ್ ಬ್ರೇಕು ಹಾಕಲೇಬೇಕೆಂದು ಸಂಗಮೇಶನ ಹಟ.

"ತನಿಷಾನ ಮದವಿಗೆ ಆಕಿ ಇದರಾಗ ಕುಂತ ಹೋಗ್ತಾಳ. ನಿನ್ನ ಒರಿಜಿನಲ್ ಬ್ರೇಕ್ ನಂಬಿ ನನ್ನ ಮಗಳನ್ನ ಕೂಡ್ಸಂಗಿಲ್ಲಲೇ," ಎಂದಿದ್ದ ಸಂಗಮೇಶ. ಬ್ರೇಕಿನ ಎಂಜಿನಿಯರಿಗೆ ಬ್ರೇಕಿನ ಪಾಠ ಹೇಳಿದ್ದಕ್ಕೆ ರಾಜಶೇಖರ್ ಒಂದು ವಾರ ಅವನ ಫೋನ್ ಎತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ, ಗಾಡಿಯ ಮೈಗೆ ಇನ್ನೂ ಬೂದು ಪ್ರೈಮರ್ ಇದ್ದಾಗ, ಸಂಗಮೇಶ ಭಾನುವಾರ ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ಮಲಗಿದವನು ಏಳಲಿಲ್ಲ. ಹೆಂಡತಿ ಚೇತನಾ ಡಾಕ್ಟರು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಬೇರೆಯವರ ನಾಡಿ ಹಿಡಿದು ನಿಂತಿದ್ದಳು.

ಆಮೇಲೆ ರಾಜಶೇಖರ್ ಯಾರೂ ಕೇಳದಿದ್ದರೂ ಡಿಸ್ಕ್ ಬ್ರೇಕು ಹಾಕಿದ. ಚೇತನಾ ಬಿಡುವಿದ್ದ ಶನಿವಾರ ಬಂದು ಬಾಗಿಲುಗಳನ್ನು ನೀರು ಹಾಕಿ ಮರಳು ಕಾಗದದಿಂದ ತಿಕ್ಕಿದಳು, ಸೀಟಿನ ಹೊಲಿಗೆಗೆ ಕೂತಳು, ಅಳಬೇಕೆನಿಸಿದಾಗ ಗಾಡಿಯ ಕೆಳಗೆ ಟಾರ್ಚು ಹಿಡಿದು ಮಲಗಿದಳು. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕೆಲಸದಲ್ಲಿರುವ ಮಗಳು ತನಿಷಾಳಿಗೆ ನೀಲ್ ಎಂಬ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಅಲ್ಲಿಯೇ ಒಂದು ಸಭಾಂಗಣದಲ್ಲಿ. ಅಪ್ಪ ಹೇಳಿದ ಹಾಗೆ ಹುಡುಗಿ ಹಸಿರು ಗಾಡಿಯಲ್ಲಿ ಬಂದಿಳಿಯಬೇಕು. ಅದಕ್ಕಾಗಿ ಅಕ್ಟೋಬರಿನ ಖಂಡೆ ಪೂಜೆಯ ದಿನವೇ ಎಂಜಿನ್ ಸ್ಟಾರ್ಟ್ ಮಾಡುವುದೆಂದು ರಾಜಶೇಖರನ ತಾಯಿ ಶಿವಲಿಂಗಮ್ಮ ತೀರ್ಮಾನಿಸಿದಳು. ಆಯುಧಗಳಿಗೆ ಪೂಜೆ ಮಾಡುವ ದಿನ, ಗಾಡಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ?

ಆವತ್ತು ಗ್ಯಾರೇಜಿನ ಬಾಗಿಲು ತೆರೆದು ಬಿಸಿಲು ಒಳಗೆ ಬಂದಿತ್ತು. ಸ್ಪ್ಯಾನರುಗಳಿಗೆ ವಿಭೂತಿ, ಜ್ಯಾಕಿಗೆ ಚೆಂಡುಹೂ, ಚಕ್ರದ ಕೆಳಗೆ ನಿಂಬೆಹಣ್ಣು. ಭಾನು ಆರತಿ ತಟ್ಟೆ ತಂದಳು. ಶಿವಲಿಂಗಮ್ಮ ಅದನ್ನು ಸೊಸೆಯ ಕೈಯಿಂದ ತೆಗೆದು ಚೇತನಾಳ ಮುಂದೆ ಹಿಡಿದಳು.

"ನೀನ ಬೆಳಗವಾ."

"ನಾ ಬ್ಯಾಡ್ರೀ ಅವ್ವ. ಭಾನು ಅದಾಳಲ್ಲ," ಎಂದು ಚೇತನಾ ಹಿಂದೆ ಸರಿದಳು.

"ಗಾಡಿ ಯಾರದು, ಭಾನೂಂದೇನು? ರಾಜೂನ ಅಪ್ಪ ಹೋದಾಗಿಂದ ನಾನೂ ಹಿಂಗ ಹಿಂದ ಸರದ ನಿಂತೇನಿ. ಅದರಿಂದ ಯಾರಿಗಿ ಏನ ಛಲೋ ಆತು? ನನಗಂತೂ ನಿಂತ ನಿಂತ ಕಾಲನೋವು ಬಂತು. ಹಿಡಿ ಅಂತೇನಿ."

ಎಲ್ಲರೂ ನಕ್ಕರು. ಚೇತನಾ ನಗುತ್ತಲೇ ಕಣ್ಣೊರೆಸಿಕೊಂಡು ತಟ್ಟೆ ಹಿಡಿದಳು. ಗಂಡ ಸತ್ತ ಮೇಲೆ ಎಪ್ಪತ್ತರ ಗಡಿ ದಾಟುವವರೆಗೂ ಅರಿಶಿನದ ಬಟ್ಟಲು ಮುಟ್ಟದ ಮುದುಕಿ, ಬೇರೊಬ್ಬ ವಿಧವೆಯ ಕೈಗೆ ತಾನಾಗಿ ಆರತಿ ಕೊಟ್ಟಿದ್ದಳು. ಅದು ಸಣ್ಣ ಮಾತಲ್ಲ ಎಂದು ರಾಜಶೇಖರನಿಗೂ ಗೊತ್ತಿತ್ತು.

ಅವನು ಒಳಗೆ ಕೂತು ಕೀ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗರ್ಜಿಸಿತು. ಕಾಲೊತ್ತಿ ಅದನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಏರಿಸಿ ಹಿಡಿದ. ಗೋಡೆಯ ಮೇಲಿನ ಉಪಕರಣಗಳು ನಡುಗಿದವು, ಬಿಸಿಗಾಳಿ ರಪ್ಪನೆ ಬಂತು, ಚೇತನಾ ಅಂಗೈಯಿಂದ ದೀಪ ಮರೆಮಾಡಿಕೊಳ್ಳುತ್ತ ನಿಂತಳು.

"ರಾಜೂ, ಸಣ್ಣಗ ಮಾಡಲೇ! ದೀಪ ಆರತೈತಿ!" ಎಂದು ಶಿವಲಿಂಗಮ್ಮ ಕಿವಿ ಮುಚ್ಚಿಕೊಂಡು ಕೂಗಿದಳು.

ಅವನು ಕಾಲು ತೆಗೆದ.

ಮರೆತು ತೆಗೆದನೆ? ಇಲ್ಲ. ಎರಡು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡ. ಎಂಜಿನ್ ಇಳಿದು ಡುಗ್ ಡುಗ್ ಎಂದು ನಿಂತಲ್ಲೇ ಉಸಿರಾಡತೊಡಗಿತು. ಇದೇ ಸದ್ದು ಕೇಳಬೇಕೆಂದು ಸಂಗಮೇಶ ಎಷ್ಟು ಚಳಿಗಾಲ ಕಾದಿದ್ದ! ಚೇತನಾ ಆರತಿ ಬೆಳಗಿದಳು. ಶಿವಲಿಂಗಮ್ಮ ಹಾಡು ಹೇಳಿದಳು, ಪೂರ್ತಿ ಹಾಡು, ಒಂದು ನುಡಿಯನ್ನೂ ಬಿಡಲಿಲ್ಲ. ಕಾಯಿ ಒಡೆದರು. ತನಿಷಾ ವಿಡಿಯೋ ಕಾಲಿನಲ್ಲಿ ಬಂದು "ಲೆಟ್ ಮಿ ಹಿಯರ್ ಇಟ್, ಅಂಕಲ್!" ಎಂದಾಗ ಭಾನು ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದಳು. ಫೋಟೋ ಆಯಿತು. ಕೊಬ್ಬರಿ ಸಕ್ಕರೆ ಹಂಚಿದ್ದಾಯಿತು. ರಾಜಶೇಖರ್ ನಗುತ್ತ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿದ್ದ. ಅವನಿಗೆ ನೆನಪಾಗಿ ಮತ್ತೆ ಕಾಲೊತ್ತುವಷ್ಟರಲ್ಲಿ ಎಂಜಿನ್ನಿನ ಒಳಗಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಶುರುವಾಗಿತ್ತು. ನೋಡನೋಡುತ್ತ ಅದು ಟಕ್ ಟಕ್ ಆಯಿತು. ಎಂಜಿನ್ ಕುಂಟಿತು. ಅವನು ಕೀ ತಿರುಗಿಸಿ ಆರಿಸಿದ.

"ಏನಾತ್ರಿ ರಾಜಣ್ಣ?"

ಕೇಳಿದವಳು ಚೇತನಾ. ಆರತಿ ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ಏನಾಯಿತೆಂದು ಅವನಿಗೆ ಆ ಕ್ಷಣಕ್ಕೇ ಗೊತ್ತಿತ್ತು. ಸುತ್ತ ಹತ್ತಾರು ಜನ ಜಗದ್ಗುರುಗಳ ಬಾಯಿ ನೋಡುತ್ತಿದ್ದರು. ವಾಟ್ಸಾಪಿನ ಉಪದೇಶ ಬಾಯಿಪಾಠ ಮಾಡಿದವರೇ ಅವರಲ್ಲಿ ನಾಲ್ವರಿದ್ದರು.

"ಏನೋ ಗ್ರಹಚಾರ, ವೈನಿ," ಎಂದ. "ಒಂದೊಂದು ಎಂಜಿನ್ನಿನ ನಸೀಬನ ಹಂಗ. ನಾವೇನ ಮಾಡ್ಲಿಕ್ಕೆ ಬರಂಗಿಲ್ಲ."

ಚೇತನಾ ತಟ್ಟೆಯ ಕಡೆ ನೋಡಿದಳು. ಆಮೇಲೆ ಅದನ್ನು ಬೆಂಚಿನ ಮೇಲೆ, ಸದ್ದಾಗದ ಹಾಗೆ, ಇಟ್ಟಳು.

ಮಾರನೆಯ ದಿನ ದಸರೆ. ಊರಿಂದ ತರಿಸಿದ ಒಣ ಬನ್ನಿ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನಲು ಪ್ರತಿ ವರ್ಷ ಬರುತ್ತಿದ್ದ ಚೇತನಾ ಬರಲಿಲ್ಲ. ಡ್ಯೂಟಿ ಇದೆಯೆಂದು ಮೆಸೇಜು ಬಂತು. ಶಿವಲಿಂಗಮ್ಮ ದೇವರ ಕೋಣೆಯ ಹೊಸ್ತಿಲ ಆಚೆ ಚಾಪೆ ಹಾಕಿಕೊಂಡಳು. "ನನ್ನದ ಮುದಿಬುದ್ಧಿ. ಇಲ್ಲದ ಉಸಾಬರಿ ಮಾಡಿ ಆ ಹುಡುಗೀನ ಮುಂದ ತಂದೆ," ಎಂದು ಭಾನುವಿನ ಹತ್ತಿರ ಹೇಳಿದಳು. ಸಂಜೆಯ ದೀಪಕ್ಕೂ ಸೊಸೆಯೇ ಬರಬೇಕು, ತಾನು ಕಡ್ಡಿ ಗೀರುವುದಿಲ್ಲ ಎಂದಳು.

ರಾಜಶೇಖರ್ ಒಬ್ಬನೇ ಎಂಜಿನ್ ಎತ್ತಿ ಬಿಚ್ಚಿದ. ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಕ್ಯಾಮಿನ ಒಂದು ಉಬ್ಬು ಬೋಳಾಗಿ ಗುಂಡಗಾಗಿತ್ತು. ಅದನ್ನು ಹಳೇ ಟವೆಲಿನಲ್ಲಿ ಸುತ್ತಿ ಕೆಳಗಿನ ಡ್ರಾಯರಿಗೆ ತಳ್ಳಿದ. ಭಾನು ಕೇಳಿದಾಗ ಕಾರಣ ಇನ್ನೂ ಗೊತ್ತಾಗಿಲ್ಲ ಎಂದ. ಒಂದು ಸುಳ್ಳಿಗೆ ಜೊತೆ ಬೇಕಲ್ಲ, ಎರಡನೆಯದೂ ಬಂತು. ದೀಪಾವಳಿ ಕಾರ್ಯಕ್ರಮದಲ್ಲಿ ಯಾರೋ "ಏನ್ ಗುರುಗಳೇ, ಎಂಜಿನ್ನಿಗೆ ದೃಷ್ಟಿಯಾಯ್ತಂತೆ?" ಎಂದಾಗ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, ಅವನ ತಪ್ಪೆಂದು ಯಾರೂ ಅನ್ನದಿದ್ದರೂ "ನಾನು ಸರಿಯಾಗೇ ಮಾಡಿದ್ದೆ" ಎಂದುಬಿಟ್ಟ. ಹೇಳಿದ ಮೇಲೆ ಅಲ್ಲಿ ಊಟ ಸೇರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು, ಆದರೆ ಬಿದ್ದ ಸದ್ದು ಹಲ್ಲಿಗೆ ಮಾತ್ರ ಕೇಳಿಸಿತ್ತು.

ನವೆಂಬರ್ ಮೊದಲ ವಾರ ತನಿಷಾಳ ಫೋನ್ ಬಂತು. ಅವನು ಆಫೀಸಿನ ಪಾರ್ಕಿಂಗಿನಲ್ಲಿದ್ದ.

"ಅಂಕಲ್, ಅಮ್ಮ ಈಸ್ ಬೀಯಿಂಗ್ ವಿಯರ್ಡ್. ಅರಿಶಿನ, ಆರತಿ, ಎಲ್ಲಾ ಭಾನು ಆಂಟಿ ಮಾಡ್ಲಿ ಅಂತಾರೆ. ಶಿ ಸೇಸ್ ಶಿ ವಿಲ್ ಸಿಟ್ ಇನ್ ದ ಬ್ಯಾಕ್. ಮೈ ವೆಡ್ಡಿಂಗ್! ನನಗೆ ಅಪ್ಪ ಇಲ್ಲ. ಅಮ್ಮಾನೂ ಹಿಂದೆ ಕೂತ್ರೆ ವಾಟ್ ಡು ಐ ಹ್ಯಾವ್? ಡಿಡ್ ಸಮ್‌ಬಡಿ ಸೇ ಸಮ್‌ಥಿಂಗ್ ಟು ಹರ್?"

ಯಾರಾದರೂ ಏನಾದರೂ ಅಂದರಾ ಎಂದು ಹುಡುಗಿ ಕೇಳುತ್ತಿದ್ದಳು. ಅಂದವನು ಫೋನ್ ಹಿಡಿದು ನಿಂತಿದ್ದ. "ನಾನು ಮಾತಾಡ್ತೀನಿ, ಪುಟ್ಟಿ," ಎಂದಷ್ಟೇ ಹೇಳಿದ. ಕಾರಿನಲ್ಲಿ ಕೂತ ಮೇಲೆ ನಾಚಿಕೆಯಿಂದ ಅವನ ಕಿವಿಯ ತನಕ ಬಿಸಿಯಾಯಿತು. ಸತ್ತ ಗೆಳೆಯನ ಗಾಡಿ ಕೆಡಿಸಿದ್ದು ತಪ್ಪೇ ಇರಬಹುದು, ಕೈತಪ್ಪು ಎಂದಾದರೂ ಹೇಳಿಕೊಳ್ಳಬಹುದು. ಗೆಳೆಯನ ಹೆಂಡತಿಯನ್ನು ಮಗಳ ಮದುವೆಯಲ್ಲಿ ಹಿಂದಿನ ಕುರ್ಚಿಗೆ ಕಳಿಸಿದ್ದಕ್ಕೆ ಯಾವ ಹೆಸರಿದೆ?

ಶನಿವಾರ ಟವೆಲಿನ ಗಂಟು ಕಂಕುಳಲ್ಲಿ ಇಟ್ಟುಕೊಂಡು ರಾಚೆಸ್ಟರ್ ಹಿಲ್ಸ್‌ಗೆ ಹೋದ. ಚೇತನಾ ಅಡುಗೆಮನೆಯಲ್ಲಿ ಮದುವೆಗೆ ಬರುವವರಿಗೆಂದು ಶೇಂಗಾ ಚಟ್ನಿಪುಡಿ ಪ್ಯಾಕ್ ಮಾಡುತ್ತಿದ್ದಳು. ಅವನು ಕ್ಯಾಮ್ ಬಿಚ್ಚಿ ಮೇಜಿನ ಮೇಲಿಟ್ಟು, ನಿಂತೇ ಹೇಳಿದ. ಕಾಲು ತೆಗೆದದ್ದು ತಾನು, ತೆಗೆಯಬಾರದೆಂದು ಗೊತ್ತಿದ್ದೂ ತೆಗೆದದ್ದು, ಗ್ರಹಚಾರ ಅಂದದ್ದು ಸುಳ್ಳು.

ಚೇತನಾ ಬೋಳಾದ ಉಬ್ಬಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಂಥರಾ ಕರುಣೆಯಿಂದ ನಕ್ಕಳು.

"ರಾಜಣ್ಣ, ತನಿಷಾ ಫೋನ್ ಮಾಡಿದ್ಲು ಹೌದಲ್ಲ?"

"ಮಾಡಿದ್ಲು. ಆದ್ರ ಅದಕ್ಕಲ್ಲ ವೈನಿ. ಖರೇನ ಹೇಳಾಕತ್ತೇನಿ."

"ನಾನೂ ಡಾಕ್ಟರ್ ಅದೀನ್ರಿ. ಪೇಶೆಂಟ್ ಮನಿಯವರಿಗೆ 'ನಿಮ್ದೇನೂ ತಪ್ಪಿಲ್ಲ' ಅಂತ ದಿನಾ ಹೇಳ್ತೀನಿ. ಅದರಾಗ ಅರ್ಧ ಸುಳ್ಳ ಇರ್ತದ. ಹೇಳೋ ಮುಖ ಹೆಂಗಿರ್ತದ ಅಂತ ನನಗ ಗೊತ್ತದ." ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಒತ್ತಿದಳು. "ಸವದದ ಖರೆ. ಆದ್ರ ನೀವು ಈ ಕೆಲಸದಾಗ ಎಂದೂ ತಪ್ಪಿದವರಲ್ಲ. ಆವತ್ತ ನಿಮ್ಮ ಬಾಯಾಗ ತಟ್ನ ಬಂದ ಮಾತ ಖರೆ."

"ನೀವು ಇಷ್ಟು ಓದಿದವರು, ಇದನ್ನೆಲ್ಲ ನಂಬ್ತೀರೇನ್ರಿ?"

"ನಂಬಂಗಿಲ್ಲ. ಯಾರಿಗರೆ ಕೇಳ್ರಿ, ನಂಬಂಗಿಲ್ಲ ಅಂತೀನಿ. ಆದ್ರ ಅವರು ಹೋದಾಗ ನಾ ಮನಿಯಾಗ ಇರಲಿಲ್ಲ. ಗಾಡಿಗೆ ಆರತಿ ಹಿಡದೆ, ಗಾಡಿ ಹೋತು. ಇರೋದು ಒಬ್ಬಾಕಿ ಮಗಳು. ಯಾಕ್ರಿ ರಿಸ್ಕ್?"

ರಿಸ್ಕ್ ಎಂಬ ಪದ ಕೇಳಿ ಅವನು ಕ್ಯಾಮನ್ನು ಮತ್ತೆ ಟವೆಲಿನಲ್ಲಿ ಸುತ್ತಿದ. ಅದು ಅವನದೇ ವೃತ್ತಿಯ ಪದ. ಹೊರಡುವಾಗ ಚೇತನಾ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು, "ನಿಮ್ಮಂಥ ಅಣ್ಣ ಯಾರಿಗದಾರ್ರಿ," ಎಂದಳು. ಅವನು ಅದನ್ನು ತೆಗೆದುಕೊಂಡ. ದಾರಿಯುದ್ದಕ್ಕೂ ಡಬ್ಬಿ ಪಕ್ಕದ ಸೀಟಿನಲ್ಲಿ ಕೂತಿತ್ತು, ಅದರ ಕಡೆ ಒಮ್ಮೆಯೂ ನೋಡಲಿಲ್ಲ.

ಮನೆಗೆ ಬಂದು ಅವ್ವನಿಗೂ ಹೇಳಿದ. ಶಿವಲಿಂಗಮ್ಮ ಮಗನ ಗಲ್ಲ ಸವರಿ ನೆಟಿಗೆ ತೆಗೆದಳು.

"ಆಕೀ ಸಲುವಾಗಿ ತಪ್ಪ ನಿನ್ನ ಮ್ಯಾಲ ಹಾಕ್ಕೊಳ್ತಿ. ನಿಮ್ಮಪ್ಪನೂ ಹಿಂಗ ಇದ್ದ, ದೇವರಂಥಾವ."

ನಿಜ ಹೇಳಿದ್ದಕ್ಕೆ ದೇವರಾಗಿಬಿಟ್ಟ. ಹೊತ್ತಿಗೆ ಹೇಳದ ನಿಜಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೇನೋ. ಭಾನು ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡವಳು ನಂಬಿದಳು. ಇಪ್ಪತ್ತೈದು ವರ್ಷ ಅವನ ಜೊತೆ ಬಾಳಿದವಳಿಗೆ ಯಾವುದು ಅವನ ಸುಳ್ಳು, ಯಾವುದು ನಿಜ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಲ್ಲರ ಮುಂದೆ ಒಂದು ಮಾತು ಹೇಳೋಕೆ ನಾಲಿಗೆ ಬರ್ಲಿಲ್ವಾ ನಿಮಗೆ?" ಎಂದಳು. "ಅವಳು ತಟ್ಟೆ ಹೇಗೆ ಕೆಳಗಿಟ್ಲು ಅಂತ ನಾನು ನೋಡಿದೆ. ನೀವೂ ನೋಡಿದ್ರಿ."

"ನೋಡಿದೆ."

"ಈಗೇನು ಮಾಡ್ತೀರಾ?"

ಅವನು ಗ್ಯಾರೇಜಿನ ಮೂಲೆಯ ಕಡೆ ನೋಡಿದ. ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಹೊದಿಕೆ ಹೊದ್ದು, ಅವನ ಸ್ವಂತ ಎಂಜಿನ್ ಕೂತಿತ್ತು. ತನ್ನದೇ ಹಳೇ ಶೆವೆಲ್ ಗಾಡಿಗೆಂದು ವರ್ಷಗಟ್ಟಲೆ ಒಂದೊಂದೇ ಭಾಗ ಹುಡುಕಿ, ಅಳೆದು, ಉಜ್ಜಿ ಕಟ್ಟಿದ್ದು. ಒಮ್ಮೆಯೂ ಸ್ಟಾರ್ಟ್ ಆಗಿರಲಿಲ್ಲ. ಸಂಗಮೇಶನ ಗಾಡಿ ಮುಗಿಯಲಿ, ಆಮೇಲೆ ಎಂದು ಕಾದಿಟ್ಟಿದ್ದ. ಭಾನು ಅವನ ಕಣ್ಣು ಹೋದ ಕಡೆ ನೋಡಿದಳು. ಫೋನ್ ತೆಗೆದು ಚೇತನಾಳಿಗೆ ಮಾಡಿದಳು. "ನಾಳೆ ಮಧ್ಯಾಹ್ನ ಬಾ. ಏನೂ ಮುಟ್ಟೋದು ಬೇಡ, ಏನೂ ಕೇಳೋದೂ ಬೇಡ. ಸುಮ್ನೆ ಬಂದು ನೋಡು."

ಭಾನುವಾರ ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಚೇತನಾ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಬಾಗಿಲ ಬಳಿ ನಿಂತಳು. ಶಿವಲಿಂಗಮ್ಮ ಅವಳಿಗಿಂತಲೂ ಹಿಂದೆ, ಶಾಲು ಹೊದ್ದು ನಿಂತಳು. ಸಂಗಮೇಶನ ಹಸಿರು ಗಾಡಿ ಬಾನೆಟ್ ತೆರೆದುಕೊಂಡು, ಎಂಜಿನ್ನಿಲ್ಲದ ಖಾಲಿ ಹೊಟ್ಟೆಯೊಂದಿಗೆ ಪಕ್ಕದಲ್ಲಿ ನಿಂತಿತ್ತು. ರಾಜಶೇಖರ್ ಸ್ಟ್ಯಾಂಡಿನ ಮೇಲಿನ ಎಂಜಿನ್ನಿಗೆ ಬ್ಯಾಟರಿ, ಪೆಟ್ರೋಲು, ನೀರು ಎಲ್ಲ ಜೋಡಿಸಿದ್ದ.

"ಇದು ನನ್ನ ಎಂಜಿನ್," ಎಂದ. "ಆವತ್ತು ಹಾಕಿದ್ದಂಥಾ ಎಣ್ಣೀನ ಹಾಕೇನಿ. ಆವತ್ತು ಮಾಡಿದ್ದನ್ನ ಮಾಡ್ತೇನಿ. ಆರತಿ ಮಾತ್ರ ಭಾನು ಬೆಳಗ್ತಾಳ. ತಾಳಿ ಇರೋ ಮುತ್ತೈದಿ. ನೀವು ಅಲ್ಲೇ ನಿಲ್ರಿ, ವೈನಿ."

"ಏನ್ ಹುಚ್ಚಾಟ ಹಚ್ಚೀರಿ?" ಎಂದಳು ಚೇತನಾ. ಅವನು ಬಟನ್ ಒತ್ತಿದ.

ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಎಂಥ ಎಂಜಿನ್! ಕೂದಲೆಳೆಯಷ್ಟೂ ತಪ್ಪಿಲ್ಲದ ಸದ್ದು. ಅವನು ಸ್ವಲ್ಪ ಹೊತ್ತು ಎರಡು ಸಾವಿರದಲ್ಲಿ ಹಿಡಿದು, ಆವತ್ತಿನಂತೆಯೇ ಇಳಿಸಿಬಿಟ್ಟ. ಭಾನು ಆರತಿ ಬೆಳಗಿದಳು. ತನಗೆ ಗೊತ್ತಿದ್ದ ಮೈಸೂರಿನ ಹಾಡನ್ನು ಹೇಳಿದಳು, ದನಿ ಸರಿಯಾಗಿ ಏಳಲಿಲ್ಲ. ಕಾಯಿ ಒಡೆದಳು. ಆಮೇಲೆ ಮಾಡುವುದೇನೂ ಉಳಿಯಲಿಲ್ಲ, ನಾಲ್ವರೂ ನಿಂತು ಕೇಳಿದರು.

ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು.

ರಾಜಶೇಖರ್ ಎಂಜಿನ್ನಿಗೆ ಇನ್ನಷ್ಟು ಬಾಗಿ ಕಿವಿಗೊಟ್ಟ. ಕಾಲು ತೆಗೆದ ಎಂಜಿನ್ನುಗಳೆಲ್ಲ ಸಾಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೆಲವು ಬದುಕುತ್ತವೆ. ಇದು ಬದುಕಿದರೆ? ಭಾನು ಬೆಳಗಿದರೆ ಬದುಕುತ್ತದೆ, ಚೇತನಾ ಬೆಳಗಿದರೆ ಸಾಯುತ್ತದೆ ಎಂದು ಅವನೇ ಸಾಕ್ಷಿ ಕೊಟ್ಟ ಹಾಗಾಯಿತು. ಚೇತನಾ ಆಗಲೇ ಕಾರಿನ ಕೀಗಾಗಿ ಜೇಬು ತಡಕುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದು ನನಗೆ ಗೊತ್ತೇ ಇತ್ತು ಎಂಬಂಥ ಶಾಂತಿ ಇತ್ತು. ಅದನ್ನು ನೋಡಲಾರದೆ ಅವನು ಎಂಜಿನ್ನಿನ ಕಡೆ ತಿರುಗಿದ. ಎಂಜಿನ್ನುಗಳಿಗೆ ಜೀವ ಬರಲಿ ಎಂದು ಬೇಡಿಕೊಂಡವನು ಜೀವನದಲ್ಲಿ ಮೊದಲ ಸಲ ಒಂದು ಎಂಜಿನ್ ಸಾಯಲಿ ಎಂದು ಬೇಡಿಕೊಂಡ. ಹಾಳಾಗು, ಹಾಳಾಗು, ದಮ್ಮಯ್ಯ.

ಟಿಕ್.

ಮೊದಲು ಕೇಳಿಸಿದ್ದು ಶಿವಲಿಂಗಮ್ಮನಿಗೆ. ಶಾಲು ಸರಿಸಿ ಮುಂದೆ ಬಂದಳು. "ಅದ ಸಪ್ಪಳ ಐತಲ್ಲೋ ಇದು?"

ಟಿಕ್ ಟಿಕ್. ಆಮೇಲೆ ಟಕ್ ಟಕ್. ಎಂಜಿನ್ ಕುಂಟತೊಡಗಿತು. ರಾಜಶೇಖರನ ಕಣ್ಣಲ್ಲಿ ನೀರು ಬಂದಿತ್ತು. ಎಂಜಿನ್ನಿಗಾಗಿಯೋ ಸಮಾಧಾನಕ್ಕಾಗಿಯೋ ಕೇಳಿದರೆ ಅವನೂ ಹೇಳುತ್ತಿರಲಿಲ್ಲ.

"ಬಂದ್ ಮಾಡ್ರಿ," ಎಂದಳು ಚೇತನಾ.

"ಇನ್ನೊಂದು ಸ್ವಲ್ಪ..."

"ಬಂದ್ ಮಾಡ್ರಿ ಅಂದೆ."

ಅವನು ಆರಿಸಿದ. ಚೇತನಾ ಎಂಜಿನ್ನಿನ ಹತ್ತಿರ ಬಂದು, ಅದರ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ, ನಿಂತಳು. ಅವಳು ಅಳುತ್ತಾಳೆ, ಅಥವಾ ನಗುತ್ತಾಳೆ ಎಂದುಕೊಂಡಿದ್ದ. ಎರಡೂ ಮಾಡಲಿಲ್ಲ.

"ಇವತ್ತ ಇದು ಕೆಡದಿದ್ರ?" ಎಂದು ಕೇಳಿದಳು.

"ಏನ್ರಿ?"

"ಕೆಡದಿದ್ರ ನಾ ಮನೀಗೆ ಹೋಗಿ, ಖರೇನ ನನ್ನ ಕೈಗುಣ ಅಂತ ಸಾಯೋತನಕ ಕುಂಡ್ರತಿದ್ದೆ. ಅದನ್ನ ವಿಚಾರ ಮಾಡಿದ್ರೇನು, ಬಟನ್ ಒತ್ತೋ ಮೊದಲ?"

ಅವನು ತಲೆ ತಗ್ಗಿಸಿದ. ಈ ಸಲ ಸುಳ್ಳು ಹೇಳಲಿಲ್ಲ. "ಮಾಡಿದ್ದೆ," ಎಂದ.

"ಮಾಡಿದ್ರಿ. ಆದ್ರೂ ಒತ್ತಿದ್ರಿ." ಚೇತನಾಳ ದನಿ ಮೊದಲ ಸಲ ಏರಿತು. "ಆವತ್ತು ನಂಬಿದ್ದೂ ನಿಮ್ಮನ್ನ. ನಸೀಬ ಅಂತ ಪೂಜಾರಿ ಅಂದಿದ್ರ ನಕ್ಕು ಬಿಡ್ತಿದ್ದೆ. ಎಂಜಿನಿಯರ್ ಅಂದ, ಅದಕ್ಕ ನಂಬಿದೆ. ಕೈತಪ್ಪಿತು ವೈನಿ, ಅಂತ ಒಂದ ಮಾತು. ನನ್ನ ಗಂಡನ ಗಾಡಿ ಹೋಗ್ಲಿ, ಸುಡ್ಲಿ. ಒಂದ ಮಾತು ಅಂದಿದ್ರ ನಾ ಈ ತಿಂಗಳು ಮನಶ್ಯಾಳಂಗ ಇರ್ತಿದ್ದೆ."

ಭಾನು ತಟ್ಟೆ ಹಿಡಿದು ನಿಂತೇ ಇದ್ದಳು, ದೀಪ ಆರಿತ್ತು. ಚೇತನಾ ಹೋಗಿ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಬತ್ತಿ ಸರಿಮಾಡಿ ಕಡ್ಡಿ ಗೀರಿದಳು. ಹಸಿರು ಗಾಡಿಯ ಮುಂದೆ, ಆ ಖಾಲಿ ಹೊಟ್ಟೆಯ ಎದುರಿಗೆ ನಿಂತು, ಹಿಂದೆ ತಿರುಗಿದಳು.

"ಬರ್ರಿ ಅವ್ವ. ನೀವ ಹಿಡೀರಿ ಮೊದಲ."

ಶಿವಲಿಂಗಮ್ಮ ತಟ್ಟೆಯನ್ನೇ ನೋಡಿದಳು. ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಆಮೇಲೆ ನಿಧಾನಕ್ಕೆ, ಮೊಣಕಾಲು ಹಿಡಿದುಕೊಳ್ಳುತ್ತ, ಮುಂದೆ ಬಂದಳು. ಭಾನು ಗಂಟೆ ಎತ್ತಿಕೊಂಡಳು. ರಾಜಶೇಖರನೂ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿ ಅವರ ಹಿಂದೆ ಬಂದು ನಿಂತ.

ಚೇತನಾ ತಿರುಗಿ ನೋಡಲೂ ಇಲ್ಲ.

"ನೀವು ಸ್ವಲ್ಪ ಹೊರಗ ನಿಲ್ರಿ, ರಾಜಣ್ಣ."

ಅವ್ವ ಏನಾದರೂ ಹೇಳುತ್ತಾಳೆ ಎಂದು ಒಂದು ಕ್ಷಣ ಕಾದ. ಅವ್ವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನು ಹೊರಗೆ ಬಂದು ಮೇಪಲ್ ಎಲೆಗಳು ಉದುರಿ ಬಿದ್ದಿದ್ದ ಡ್ರೈವ್‌ವೇಯಲ್ಲಿ ನಿಂತ. ಒಳಗೆ ಗಂಟೆ ಶುರುವಾಯಿತು, ಅವ್ವನ ಒಡಕು ದನಿಯ ಹಾಡು ಶುರುವಾಯಿತು, ನಡುವೆ ಚೇತನಾಳ ದನಿಯೂ ಸೇರಿತು. ಒಳಗೆ ಹೋಗದಂತೆ ತಡೆಯಲು ಮುಚ್ಚಿದ ಬಾಗಿಲೂ ಇರಲಿಲ್ಲ, ಹೊಸ್ತಿಲೂ ಇರಲಿಲ್ಲ. ಹೊರಗಿನಿಂದ ಕೈ ಮುಗಿಯಬಹುದೋ ಬಾರದೋ ತಿಳಿಯದೆ, ಹಾಡು ಮುಗಿಯುವವರೆಗೂ ಅವನು ಎಣ್ಣೆ ಕೈಗಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ.